ಕಪ್ತಾನರ ಬೇಸಿನ್ನಿನ ಆಕ್ಟೋಪಸ್ ಅವರ ಸನ್ನಿಧಿಗೆ

ಗೆ,
ಶ್ರೀಯುತ ಅಥವಾ ಶ್ರೀಮತಿ ಆಕ್ಟೋಪಸ್ ಅವರು,
ಮುಖ ತೊಳೆಯುವ ಬೇಸಿನ್, ಕಪ್ತಾನರ ಕೋಣೆ,
ಮುಳುಗಿದ ಸರಕು ಹಡಗು, ಮರಳುದಿಬ್ಬದ ಪಕ್ಕ.

ಎಂಟು ಕೈಗಳ ಮಾನ್ಯರೇ,

ನನಗಿರುವ ಎರಡೇ ಕೈಗಳನ್ನು ಜೋಡಿಸಿ ನಮಸ್ಕರಿಸುತ್ತಾ, ಮುಯ್ಯಿಗೆ ತಾವು ನಾಲ್ಕು ಸಲ ನಮಸ್ಕರಿಸಬೇಕಾದೀತೆಂಬ ಸಂಕೋಚದಿಂದಲೇ ಈ ಬಹಿರಂಗ ದೂರನ್ನು ತಮ್ಮ ಬೇಸಿನ್ನಿನ ಅಂಚಿನಲ್ಲಿ ಇರಿಸುತ್ತಿದ್ದೇನೆ. ಶಾಯಿ ತಮ್ಮ ಹೊಟ್ಟೆಯಲ್ಲೇ ಇರುವುದರಿಂದ ಉತ್ತರ ಬರೆಯಲು ತಮಗೆ ಯಾವ ಅಡ್ಡಿಯೂ ಇರಲಾರದು.

ನಾನು ಬಂದರಿನಲ್ಲಿ ಕ್ರೇನಿಗೆ ಕೈಸನ್ನೆ ಮಾಡುತ್ತಾ ಮುದುಕನಾದವನು; ನಮ್ಮ ಮನೆಯಾಕೆ ಶಾಲೆಯಲ್ಲಿ ಈಜು ಕಲಿಸುತ್ತಿದ್ದವಳು. ನಿವೃತ್ತರಾದ ಮೇಲೆ ಇಬ್ಬರೂ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕಿಳಿಯುವುದನ್ನು ಕಲಿತೆವು. ತಮ್ಮ ಹಡಗು ಬಿದ್ದಿರುವುದು ಎಷ್ಟು ಆಳವಿಲ್ಲದ ನೀರಿನಲ್ಲೆಂದರೆ ಅದರ ತುಕ್ಕಿನ ಮೇಲೂ ಬಿಸಿಲು ಕುಣಿಯುತ್ತಿರುತ್ತದೆ, ನನ್ನಂಥ ಹಳೇ ಕಬ್ಬಿಣವೂ ಅಲ್ಲಿ ಹೊಳೆಯುತ್ತದೆ. ಅಲ್ಲಿ ಜೋಡಿ ತಪ್ಪಬಾರದೆಂಬುದು ನಿಯಮವಾದ್ದರಿಂದ ಅವಳು ನನ್ನ ಕಿರುಬೆರಳು ಹಿಡಿದುಕೊಳ್ಳುತ್ತಾಳೆ. ನೆಲದ ಮೇಲೆ ಅವಳು ಹಿಡಿಯುವುದು ನನ್ನ ತಪ್ಪುಗಳನ್ನು ಮಾತ್ರ.

ಇಂಥ ಸುಖಕ್ಕೆ ತಾವು ಎಂಟೂ ಕೈ ಹಾಕಿದ್ದೇ ನನ್ನ ದೂರು. ಮೊದಲ ದಿನ ತಾವು ಬೇಸಿನ್ನಿನಲ್ಲಿ ಮಹಾರಾಜರಂತೆ ಒರಗಿದ್ದನ್ನು ಕಂಡ ಸಂಭ್ರಮದಲ್ಲಿ ನಾನು ಹಳೇ ಅಭ್ಯಾಸದಂತೆ ಮುಷ್ಟಿ ಬಿಗಿದು ಎದೆಯ ಮುಂದೆ ಹಿಡಿದೆ. ಕ್ರೇನಿನವರಲ್ಲಿ ಅದರ ಅರ್ಥ 'ನಿಲ್ಲು, ಅಲುಗಬೇಡ' ಎಂದು. ಸಿಲಿಂಡರ್ ಕಟ್ಟಿ ಮುಳುಗುವವರಲ್ಲಿ ಅದರ ಅರ್ಥ 'ನನ್ನ ಗಾಳಿ ಮುಗಿಯುತ್ತಾ ಬಂತು' ಎಂದು. ನಮ್ಮ ಗೈಡು, ಡೊಳ್ಳುಹೊಟ್ಟೆಯ ಪುಣ್ಯಾತ್ಮ, ಬಾಣದಂತೆ ಬಂದು ತನ್ನ ಹೆಚ್ಚುವರಿ ಉಸಿರುಗೊಳವೆಯನ್ನು ನನ್ನ ಬಾಯಿಗೆ ತುರುಕಿ, ನನ್ನ ತೋಳು ಹಿಡಿದು ಮೇಲಕ್ಕೆ ಕರೆದೊಯ್ದ; ನಮ್ಮವಳೂ ತಮ್ಮನ್ನು ಕಾಣದೆಯೇ ನನ್ನ ಹಿಂದೆ ಮೇಲೆ ಬಂದಳು. ಆ ಕೊಳವೆಗೂ ಅವರ ಕಸುಬಿನಲ್ಲಿ ಆಕ್ಟೋಪಸ್ ಎಂದೇ ಹೆಸರಂತೆ! ಕಣ್ಣಿಗೆ ಬಿದ್ದ ಆಕ್ಟೋಪಸ್ ಬಾಯಿಗೆ ಬರಲಿಲ್ಲ, ಬಾಯಿಗೆ ಬಂದದ್ದು ರಬ್ಬರಿನದು.

ಎರಡನೆಯ ಸಲವೂ ಕೈ ಕೇಳಲಿಲ್ಲ, ಮುಷ್ಟಿ ಬಿಗಿಯಿತು, ಗೈಡು ಬಂದ. ಮೂರನೆಯ ಸಲ ಕೈಯನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು ನಮ್ಮವಳನ್ನು ಮೆಲ್ಲಗೆ ಬೇಸಿನ್ನಿನ ತನಕ ಕರೆತಂದರೆ, ತಾವು ಬೇಸಿನ್ನಿನ ಬಣ್ಣ ತಾಳಿ ಬೇಸಿನ್ನೇ ಆಗಿಬಿಟ್ಟಿದ್ದಿರಿ. ಹೊಸ ಮಾದರಿಯ ಫ್ಯಾನಿನಿಂದ ಗಾಳಿಯ ಜೊತೆ ತುಂತುರು ನೀರೂ ಬೀಳುತ್ತದೆಂದು ನಂಬಿಸಿ ಭಾವಮೈದನನ್ನು ಕೊಡೆ ಹಿಡಿಸಿ ಕೂರಿಸಿದ ನನ್ನಂಥವನು ಹೇಳುವ ಅಪರೂಪದ ನಿಜವನ್ನು ಯಾವ ಹೆಂಡತಿ ನಂಬಿಯಾಳು? ತಮಗೆ ಮೂರು ಹೃದಯಗಳಿವೆಯೆಂದು ಕೇಳಿದ್ದೇನೆ. ಅವುಗಳಲ್ಲಿ ಒಂದಾದರೂ ಕರಗಬಾರದಿತ್ತೇ? ಒಂದು ಕೈ ಕೊಡಿ ಎಂದರೆ ತಾವು ಎಂಟೂ ಕೈ ಕೊಟ್ಟಿರಿ.

ದೋಣಿಯಲ್ಲಿ ತಲೆ ಒರೆಸಿಕೊಳ್ಳುತ್ತಾ ನಮ್ಮವಳು ತೀರ್ಪು ಕೊಟ್ಟಳು: "ನೋಡೀಂದ್ರೆ, ಇನ್ನೊಂದ್ ಸಲ ಬರ್ತೀನಿ. ಆಗ್ಲೂ ನಿಮ್ ಆಕ್ಟೋಪಸ್ ಕಾಣಿಸ್ಲಿಲ್ವೋ, ನಾನು ಗೈಡ್ ಜೊತೆ ಇಳೀತೀನಿ. ನೀವು ಇಲ್ಲೇ ಕೂತು ಟವಲ್ ಕಾಯ್ಕೊಂಡಿರಿ." ನಗುವುದಾದರೆ ನಗಿ ಮಾನ್ಯರೇ, ಆದರೆ ಆ ರಾತ್ರಿಯೆಲ್ಲಾ ನಾನು ನನ್ನ ಕಿರುಬೆರಳನ್ನೇ ನೋಡುತ್ತಾ ಕೂತಿದ್ದೆ.

ಕೊನೆಯ ಸಲ ಬಂದಾಗ ಬೇಸಿನ್ ಖಾಲಿ. ನಾನು ಬಗ್ಗಿ ನಲ್ಲಿಯ ಹಿಂದೆ ಹುಡುಕಿದೆ, ಬೇಸಿನ್ನಿಗೆ ಕೈಮುಗಿದೆ. ಅಷ್ಟರಲ್ಲಿ ನನ್ನ ಬೋಳುತಲೆಯ ಮೇಲೆ ಯಾರೋ ಮೃದುವಾಗಿ ಕೈಯಿಟ್ಟು ನೇವರಿಸಿದಂತಾಯಿತು. ಪಾಪ, ಮುದುಕ ಸೋತನೆಂದು ನಮ್ಮವಳೇ ಸಮಾಧಾನ ಮಾಡುತ್ತಿದ್ದಾಳೆ, ಇಷ್ಟು ವರ್ಷದ ಸಂಸಾರದಲ್ಲಿ ಇಂಥ ನೇವರಿಕೆ ಇದೇ ಮೊದಲು ಎಂದು ಕಣ್ಣುಮುಚ್ಚಿ ಸುಖಪಟ್ಟೆ. ಕಣ್ಣು ಬಿಟ್ಟರೆ ಅವಳು ಎದುರಿಗೇ ಇದ್ದಳು, ನನ್ನ ಕಿರುಬೆರಳಿಗೆ ಜೋತುಬಿದ್ದು, ಸೋಡಾ ಬಾಟಲಿ ಕುಲುಕಿದಂತೆ ಗುಳ್ಳೆ ಬಿಡುತ್ತಾ. ಗೈಡು ಹೊಟ್ಟೆ ಹಿಡಿದುಕೊಂಡು ಪಲ್ಟಿ ಹೊಡೆಯುತ್ತಿದ್ದ.

ಮೇಲೆ ಬಂದ ಮೇಲೆ ಅವಳದು ಕಲ್ಲಿನಂಥ ಮುಖ. "ಎಲ್ಲಿತ್ರೀ? ನಂಗೇನೂ ಕಾಣ್ಲಿಲ್ಲಪ್ಪ" ಎಂದಳು. ನಾನು ಟವಲ್ ಎತ್ತಿಕೊಂಡೆ. ಅವಳು ಅದನ್ನು ಕಿತ್ತುಕೊಂಡು, "ನಾಳೆ ಮತ್ತೆ ಹುಡ್ಕೋಣ. ಜಾಗ ಗೊತ್ತಿರೋದು ನಿಮಗೇ ತಾನೆ, ನೀವೇ ಜೊತೆಗಿರಿ" ಎಂದು ಸಮುದ್ರದ ಕಡೆ ತಿರುಗಿದಳು, ಅವಳ ಹೆಗಲು ಮಾತ್ರ ಕುಣಿಯುತ್ತಿತ್ತು.

ಸಂಜೆ ಶೆಡ್ಡಿನಲ್ಲಿ ಸಿಲಿಂಡರ್ ತೊಳೆಯುತ್ತಾ ಗೈಡು ಬಾಯಿಬಿಟ್ಟ: "ಯಜಮಾನ್ರೇ, ಅದು ನಿಮ್ ತಲೆ ಮೇಲೇ ಕೂತಿತ್ತು. ಅಮ್ಮೋರು ಹೇಳ್ಬೇಡ ಅಂದಿದ್ದಾರೆ, ನಾನ್ ಹೇಳ್ದೆ ಅನ್ಬೇಡಿ."

ಆದ್ದರಿಂದ ಮಾನ್ಯರೇ, ಮೇಲಿನ ದೂರನ್ನೆಲ್ಲ ನಾನು ಹಿಂತೆಗೆದುಕೊಂಡಿದ್ದೇನೆ. ಬದಲಿಗೆ ಒಂದೇ ಒಂದು ಕೋರಿಕೆ: ದಯವಿಟ್ಟು ಇನ್ನು ಮುಂದೆ ನಮ್ಮ ಕಣ್ಣಿಗೆ ಬೀಳಬೇಡಿ. ಬೇಸಿನ್ ಆಗಿ, ಕೊಳವೆ ಆಗಿ, ಬೇಕಾದರೆ ಇಡೀ ಹಡಗೇ ಆಗಿ. ಅಕಸ್ಮಾತ್ ಎದುರಾದರೂ ಅವಳು ನೋಡಿಲ್ಲವೆನ್ನುತ್ತಾಳೆ, ನಾನು ನಂಬಿದೆನೆನ್ನುತ್ತೇನೆ, ತಾವು ಇಲ್ಲವೆನ್ನಿ. ನಾವು ಮೂವರೂ ಹೀಗೆ ಒಗ್ಗಟ್ಟಾಗಿದ್ದರೆ ನಾಳೆಯೂ ಹುಡುಕಬಹುದು, ನಾಡಿದ್ದೂ ಹುಡುಕಬಹುದು.

ಭೂಮಿಯ ಮೇಲೆ ಯಾರ ವಿಶ್ವಾಸಕ್ಕೂ ಪಾತ್ರನಾಗದಿದ್ದರೂ ನೀರಿನಲ್ಲಿ ಮಾತ್ರ
ತಮ್ಮ ವಿಶ್ವಾಸಿ,
ಒಂದು ಬೋಳುತಲೆ

ತಾ.ಕ.: ಕೂತ ಜಾಗದ ಬಣ್ಣವನ್ನು ತಾಳುವುದು ತಮ್ಮ ಕುಲದ ಹಿರಿಮೆ ಎಂದು ಬಲ್ಲೆ. ನನ್ನ ತಲೆಯ ಮೇಲೆ ಕೂತ ತಕ್ಷಣ ತಾವು ಪಾಚಿಗಟ್ಟಿದ ಕಲ್ಲಿನ ಬಣ್ಣಕ್ಕೆ ತಿರುಗಿದಿರಂತೆ. ಇದನ್ನು ನಾನು ವೈಯಕ್ತಿಕ ಟೀಕೆಯೆಂದೇ ಪರಿಗಣಿಸಿದ್ದೇನೆ.