ನನ್ನ ಕಾರಿಗೆ ನಾಲ್ಕು ಕಣ್ಣು

"ನನಗೆ ಹಾಡೋಕೆ ಬರಲ್ಲ" ಎಂದು ಧೈರ್ಯವಾಗಿ ಒಪ್ಪಿಕೊಳ್ಳುವ ಗಂಡಸರನ್ನು ನೋಡಿದ್ದೇನೆ. "ಅಡುಗೆ ಅಂದ್ರೆ ನನಗೆ ಅಷ್ಟಕ್ಕಷ್ಟೆ" ಎಂದು ಅದೇನೋ ಬಿರುದು ಬಂದವರ ಹಾಗೆ ಹೇಳಿಕೊಳ್ಳುವವರನ್ನೂ ನೋಡಿದ್ದೇನೆ. ಆದರೆ "ನನಗೆ ಕಾರು ಸರಿಯಾಗಿ ಓಡಿಸೋಕೆ ಬರಲ್ಲ" ಎಂದ ಒಬ್ಬನೇ ಒಬ್ಬ ಗಂಡಸನ್ನು ನಾನು ಈವರೆಗೆ ಕಂಡಿಲ್ಲ. ನಾನೂ ಹಾಗೆ ಹೇಳುವವನಲ್ಲ. ಹಗಲು ಹೊತ್ತು ನಾನು ಬಸವೇಶ್ವರನಗರದ ಯಾವ ಸಂದಿಯಲ್ಲಿ ಬೇಕಾದರೂ ಕಾರು ನುಗ್ಗಿಸಬಲ್ಲೆ. ಕತ್ತಲಾದರೆ ಮಾತ್ರ ಕೊಂಚ ತೊಂದರೆ. ರಸ್ತೆಯ ಹಂಪುಗಳು ನಾನು ಬರುವವರೆಗೆ ಅಡಗಿ ಕುಳಿತಿದ್ದು, ಚಕ್ರ ಹತ್ತಿದ ಮೇಲೆ ಎದ್ದು ನಿಲ್ಲುತ್ತವೆ. ಇದಕ್ಕೆ ಕಾರಣ ನನ್ನ ಕಣ್ಣಲ್ಲ, ಕಾರಿನ ಕಣ್ಣು ಎಂದು ನಾನು ಬಹಳ ವರ್ಷಗಳಿಂದ ವಾದಿಸುತ್ತಾ ಬಂದಿದ್ದೇನೆ. ಹದಿನಾಲ್ಕು ವರ್ಷದ ಕಾರು. ಅದರ ಹೆಡ್‌ಲೈಟಿನ ಗಾಜು ಹಳದಿಯಾಗಿ, ಬೆಳಕು ನಮ್ಮ ದೇವರ ಮನೆಯ ನಂದಾದೀಪದ ಮಟ್ಟಕ್ಕೆ ಇಳಿದಿದೆ.

ಈ ವಾದವನ್ನು ಒಪ್ಪದವಳು ನನ್ನ ಹೆಂಡತಿ ಶಾರದಾ. ಕತ್ತಲಲ್ಲಿ ನಾನು ಕಾರು ಓಡಿಸುವಾಗ ಪಕ್ಕದಲ್ಲಿ ಕುಳಿತು ಅವಳು ಓದುವ ಸಹಸ್ರನಾಮ ಒಂದೇ: "ಹಂಪು! ರೀ, ಹಂಪು! ನಾಯಿ! ಗುಂಡಿ ರೀ, ಗುಂಡಿ! ಎಡಕ್ಕೆ ಸ್ಕೂಟರು!" ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಇಪ್ಪತ್ತಾರು ವರ್ಷದಿಂದ ಮಕ್ಕಳಿಗೆ ಬೆಳಕಿನ ಪಾಠ ಮಾಡಿದವನು. ಅಂಥವನಿಗೆ ಹಂಪು ತೋರಿಸುವುದೆಂದರೆ ಏನು! "ಕಾಣ್ತಾ ಇದೆ ಮಾರಾಯ್ತಿ, ಸುಮ್ನಿರು" ಎನ್ನುತ್ತೇನೆ. ಹಾಗೆನ್ನುವಷ್ಟರಲ್ಲಿ ಹಂಪು ಬಂದು ಹೋಗಿರುತ್ತದೆ, ತಲೆ ಕಾರಿನ ಸೂರಿಗೆ ತಾಕಿರುತ್ತದೆ.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಅಷ್ಟರಲ್ಲಿ ನನ್ನ ತಂಗಿ ವಸುಧಾ ಉಲ್ಲಾಳದಾಚೆ ಒಂದು ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದಳು. ಅವಳೂ ಗಂಡನೂ ಆಫೀಸಿಗೆ ಹೋಗುವವರಾದ್ದರಿಂದ ಶಾರದಾ ವಾರಕ್ಕೆರಡು ಸಲ ಬಸ್ಸು ಹತ್ತಿ ಅಲ್ಲಿಗೆ ಹೋಗಿ, ಗೋಡೆಗೆ ನೀರು ಹಾಕುತ್ತಿದ್ದಾರೋ ಇಲ್ಲವೋ ನೋಡಿಕೊಂಡು ಬರುತ್ತಿದ್ದಳು. ಕೊನೆಗೂ ಮನೆ ಎದ್ದಿತು. ಗೃಹಪ್ರವೇಶಕ್ಕೆ ಬ್ರಾಹ್ಮೀ ಮುಹೂರ್ತ ಇಟ್ಟರು. ಮುಹೂರ್ತವೇನೋ ಪ್ರಶಸ್ತ, ಆದರೆ ಆ ಬಡಾವಣೆಗೆ ಇನ್ನೂ ಬೀದಿ ದೀಪ ಬಂದಿಲ್ಲ. ನಮ್ಮಮ್ಮನ ಶಾಸ್ತ್ರದ ಪ್ರಕಾರ ಹೊಸ ಒಲೆಯ ಮೇಲೆ ಉಕ್ಕಿಸುವ ಹಾಲು ಹೆಣ್ಣುಮಗಳ ತವರಿನಿಂದಲೇ ಹೋಗಬೇಕು. ಅದೂ ಪ್ಯಾಕೆಟ್ ಹಾಲಲ್ಲ, ಕರೆದ ಹಾಲು. ಅದೂ ಡಬ್ಬಿಯಲ್ಲಲ್ಲ, ಉಕ್ಕಿಸುವ ಹಿತ್ತಾಳೆ ಪಾತ್ರೆಯಲ್ಲೇ, ಕೊರಳಿಗೆ ಅರಿಶಿನದ ದಾರ ಕಟ್ಟಿ, ಬಾಯಿಗೆ ಬರೀ ಬಾಳೆಲೆ ಮುಚ್ಚಿ. ಅಪ್ಪ ಇಲ್ಲದ ಮೇಲೆ ತವರು ಎಂದರೆ ನಾನೇ ತಾನೆ? ಹಾಲು ನಾನು ತರುತ್ತೇನೆ ಎಂದು ಎದೆಯುಬ್ಬಿಸಿ ಫೋನು ಮಾಡಿದೆ.

ಆ ಕಡೆಯಿಂದ ವಸುಧಾ ದನಿ ತಗ್ಗಿಸಿ, "ಅಣ್ಣಾ, ಬೇಜಾರು ಮಾಡ್ಕೋಬೇಡ. ಹಾಲಿನ ಪಾತ್ರೆ ಒಂದು ನಮ್ಮ ಮೈದುನನ ಕಾರಲ್ಲಿ ಕಳಿಸ್ಬಿಡು. ಅವನೇ ಮನೆ ಹತ್ರ ಬಂದು ತಗೊಂಡು ಹೋಗ್ತಾನೆ. ನೀನು ಬೆಳಕು ಹರಿದ್ಮೇಲೆ ನಿಧಾನವಾಗಿ ಬಾ" ಎಂದಳು. ಅವಳು ಹಾಗೆನ್ನಲು ಕಾರಣವಿದೆ. ಅವಳ ಮಗಳ ನಿಶ್ಚಿತಾರ್ಥದ ದಿನ ಸಂಜೆ ಕತ್ತಲಲ್ಲಿ ನಾನು ಒಂದು ಹಂಪು ಹಾರಿಸಿ, ಹಿಂದಿನ ಸೀಟಿನಲ್ಲಿದ್ದ ಸಾರಿನ ಡಬರಿಯಿಂದ ಅಮ್ಮನ ರೇಷ್ಮೆ ಸೀರೆಗೆ ಅಭಿಷೇಕ ಮಾಡಿಸಿದ್ದೆ. ಇಂಗಿನ ಒಗ್ಗರಣೆಯ ವಾಸನೆ ಮಳೆಗಾಲದಲ್ಲಿ ಆ ಸೀಟಿನಿಂದ ಇಂದಿಗೂ ಬರುತ್ತದೆ. ಆದರೂ ಅವಳ ಮಾತು ಕೇಳಿ ನನಗೆ ನಿಜಕ್ಕೂ ಅಳು ಬಂದ ಹಾಗಾಯಿತು. ಅಮ್ಮನಿಗಂತೂ ಕೆಂಡದಂಥ ಕೋಪ. "ತವರಿನ ಹಾಲು ಬೀಗರ ಕಾರಲ್ಲಿ ಹೋಗತ್ತಾ? ನಾವೇನು ಸತ್ತೋಗಿದೀವಾ? ನೀನೇ ತಗೊಂಡು ಹೋಗ್ಬೇಕು ಕಣೋ. ಒಂದು ತೊಟ್ಟು ಚೆಲ್ಲಕೂಡದು" ಎಂದಳು. ನಾನು ಆ ಕ್ಷಣವೇ ತೀರ್ಮಾನಿಸಿದೆ. ಕಾರಿನ ಮುಂದೆ ಇನ್ನೆರಡು ದೀಪ ಕೂರಿಸಬೇಕು! ಈ ಲಾರಿ, ಜೀಪುಗಳ ಮುಂದೆ ಇರುತ್ತವಲ್ಲ, ಒತ್ತಿದರೆ ಅರ್ಧ ಮೈಲಿ ಬೆಳಗುವ ದುಂಡು ದೀಪಗಳು, ಅಂಥವು!

ನಮ್ಮ ಸ್ಟಾಫ್ ರೂಮಿನ ಪಿ.ಟಿ. ಮೇಷ್ಟ್ರು ಮೊಬೈಲಿನಲ್ಲಿ ತೋರಿಸಿದ ಹೊಸ ದೀಪಗಳ ಬೆಲೆಗೆ ನನ್ನ ಕಾರನ್ನೇ ಮಾರಬೇಕಾಗುತ್ತಿತ್ತು. ನನ್ನ ಹತ್ತಿರ ಇದ್ದದ್ದು ಎರಡೂವರೆ ಸಾವಿರ, ಹೊಸ ಕನ್ನಡಕ ಮಾಡಿಸಿಕೊಳ್ಳಿ ಎಂದು ಶಾರದಾ ಕೊಟ್ಟದ್ದು. ಕಣ್ಣಿಗೆಂದು ಕೊಟ್ಟದ್ದನ್ನು ಕಣ್ಣಿಗೇ ಖರ್ಚು ಮಾಡಿದರೆ ತಪ್ಪಿಲ್ಲ ಎಂದುಕೊಂಡು ಮೈಸೂರು ರಸ್ತೆಯ ಗುಜರಿ ಅಂಗಡಿಗಳನ್ನು ಮೂರು ದಿನ ಸುತ್ತಿದೆ. ಮೂರನೆಯ ದಿನ ಸಿಕ್ಕಿತು ನೋಡಿ ಒಂದು ಜೋಡಿ! ಊಟದ ಬಟ್ಟಲಿನಷ್ಟು ದುಂಡಗೆ, ಗಾಜಿನಲ್ಲಿ ಒಂದು ಗೀರೂ ಇಲ್ಲ. ಮನೆಗೆ ತಂದು ಸೋಫಾದ ಮೇಲಿಟ್ಟು ಅರ್ಧ ಗಂಟೆ ನೋಡಿದೆ. ಮದುವೆಯಾದ ಹೊಸದರಲ್ಲಿ ಕೂಡ ನೀವು ನನ್ನನ್ನು ಹೀಗೆ ನೋಡಿರಲಿಲ್ಲ ಎಂದು ಶಾರದಾ ಒಳಗಿನಿಂದ ಹೇಳಿದಳು. ದೀಪ ಕೂರಿಸಲು ಕಬ್ಬಿಣದ ಪಟ್ಟಿ ಬೇಕಲ್ಲ? ಅಮ್ಮ ಉಪ್ಪಿನಕಾಯಿ ಜಾಡಿ ಇಡುವ ಕಬ್ಬಿಣದ ಸ್ಟ್ಯಾಂಡಿಗೆ ಉದ್ದಕ್ಕೂ ತೂತುಗಳಿದ್ದವು. ಅದರ ಕೆಳಗಿನ ಅಡ್ಡಪಟ್ಟಿಯಿಂದ ಯಾರಿಗೇನು ಉಪಯೋಗ? ಬಿಚ್ಚಿಕೊಂಡೆ. ಅಂದಿನಿಂದ ನಮ್ಮನೆಯ ಜಾಡಿಗಳೆಲ್ಲ ಸ್ವಲ್ಪ ಎಡಕ್ಕೆ ವಾಲಿಕೊಂಡಿವೆ.

ವೈರಿಂಗನ್ನೂ ನಾನೇ ಮಾಡಿದೆ. ವಿಜ್ಞಾನದ ಮೇಷ್ಟ್ರಿಗೆ ಎರಡು ಬಲ್ಬು ಉರಿಸಲು ಎಲೆಕ್ಟ್ರಿಷಿಯನ್ ಯಾಕೆ? ಮನೆಯಲ್ಲಿ ಕರೆಗಂಟೆಗೆ ತಂದು ಮಿಕ್ಕಿದ್ದ ವೈರಿತ್ತು. ಅದು ಸ್ವಲ್ಪ ಸಾಲದೆ ಬಂದದ್ದರಿಂದ ಉಳಿತಾಯವಾಗಲೆಂದು ಒಂದು ದೀಪದಿಂದ ಇನ್ನೊಂದಕ್ಕೆ, ಅದರಿಂದ ಬ್ಯಾಟರಿಗೆ ಎಳೆದೆ. ಸ್ವಿಚ್ ಒತ್ತಿದೆ. ಎರಡೂ ದೀಪಗಳು ಜ್ವರ ಬಂದವರ ಕಣ್ಣಿನ ಹಾಗೆ ಕೆಂಪಗೆ ಮಿಣುಗಿದವು. ಗುಜರಿಯವನು ಮೋಸ ಮಾಡಿದ ಎಂದು ಬೈದುಕೊಂಡು, ದೀಪಾಂಜಲಿ ನಗರದ ಹತ್ತಿರ ಅಂಗಡಿ ಇಟ್ಟಿರುವ ಮಂಜನ ಬಳಿಗೆ ಹೋದೆ. ಮಂಜ ನನ್ನ ಹಳೆಯ ವಿದ್ಯಾರ್ಥಿ. ಈಗ ಎರಡು ಮಕ್ಕಳ ತಂದೆ, ವಾಹನಗಳ ಎಲೆಕ್ಟ್ರಿಕಲ್ ಕೆಲಸದಲ್ಲಿ ಪಳಗಿದ ಕೈ. ಹತ್ತನೇ ತರಗತಿಯಲ್ಲಿ ನಾನೇ ಅವನನ್ನು ಒಮ್ಮೆ ಕ್ಲಾಸಿನ ಹೊರಗೆ ನಿಲ್ಲಿಸಿದ್ದೆ. ಅವನು ಬಾನೆಟ್ ಎತ್ತಿ ನೋಡಿದ.

"ಸಾರ್, ಇದು ಯಾವ್ ಜೋಡಣೆ ಸಾರ್?" ಎಂದು ಬಹಳ ವಿನಯದಿಂದ ಕೇಳಿದ.

ನನಗೆ ತಟ್ಟನೆ ಬೆವರಿತು. ವೈರು ಉಳಿಸುವ ಭರದಲ್ಲಿ ನಾನು ಸರಣಿಯಲ್ಲಿ ಜೋಡಿಸಿದ್ದೆ. ಬ್ಯಾಟರಿಯ ಶಕ್ತಿಯನ್ನು ಎರಡೂ ದೀಪಗಳು ಅರ್ಧರ್ಧ ಹಂಚಿಕೊಂಡು ಎರಡೂ ಉಪವಾಸ ಬಿದ್ದಿದ್ದವು. "ಸರಣಿ ಕಣೋ" ಎಂದೆ, ಬೋರ್ಡಿನ ಮುಂದೆ ನಿಂತ ಹುಡುಗನ ಹಾಗೆ.

"ಸಮಾಂತರ ಆಗ್ಬೇಕಿತ್ತಲ್ವಾ ಸಾರ್? ಅವತ್ತು ನೀವು ಇದನ್ನೇ ಕೇಳಿ, ಗೊತ್ತಿಲ್ಲ ಅಂದಿದ್ದಕ್ಕೆ ನನ್ನ ಹೊರಗೆ ನಿಲ್ಸಿದ್ರಿ. ಅದಕ್ಕೇ ನಂಗೆ ಚೆನ್ನಾಗಿ ನೆನಪಿದೆ" ಎಂದ ಮಂಜ. ಅಷ್ಟಕ್ಕೆ ಬಿಡಲಿಲ್ಲ. "ಕಾಲಿಂಗ್ ಬೆಲ್ ವೈರಲ್ಲಿ ಹೆಡ್‌ಲೈಟ್ ಉರಿಸ್ತಿದೀರಲ್ಲ ಸಾರ್, ಗಾಡಿ ಹತ್ಕೊಂಡು ಉರಿದಿದ್ರೆ ಆವಾಗ ನಿಜವಾಗ್ಲೂ ಒಳ್ಳೇ ಬೆಳಕು ಬರ್ತಿತ್ತು" ಎಂದು ನಕ್ಕ. ಅವನೇ ದಪ್ಪ ವೈರು, ಫ್ಯೂಸು, ರಿಲೇ ಎಂಬ ಪುಟ್ಟ ಡಬ್ಬಿ ಎಲ್ಲ ಹಾಕಿ, ಸ್ಟೀರಿಂಗ್ ಪಕ್ಕದಲ್ಲಿ ಕೆಂಪು ಸ್ವಿಚ್ ಕೂರಿಸಿದ. ಉಳಿದಿದ್ದ ದುಡ್ಡಿನಲ್ಲೇ ಮುಗಿಸಿ, ತನ್ನ ಕೂಲಿ ಗುರುದಕ್ಷಿಣೆ ಎಂದುಬಿಟ್ಟ. "ಎದುರಿಂದ ಗಾಡಿ ಬರ್ತಿದ್ರೆ ಆಫ್ ಮಾಡಿ ಸಾರ್, ಅವರಿಗೆ ಕಣ್ಣು ಕುಕ್ಕತ್ತೆ. ಇದು ದೂರಕ್ಕೆ ಹೊಡಿಯೋ ಲೈಟು" ಎಂದು ಎರಡು ಸಲ ಹೇಳಿದ. ನಾನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಆ ಸಂಜೆ ಮನೆಯ ಮುಂದೆ ಕಾರು ನಿಲ್ಲಿಸಿ ಸ್ವಿಚ್ ಒತ್ತಿದಾಗ ಆದ ಸಂತೋಷವನ್ನು ಹೇಗೆ ಹೇಳಲಿ! ಬೀದಿಯ ಕೊನೆಯಲ್ಲಿದ್ದ ಹೊಂಗೆ ಮರದ ಎಲೆ ಎಲೆಯೂ ಕಂಡಿತು. ನಾನು ಜೋರಾಗಿ ಕೂಗಿ ಮನೆಯವರನ್ನೆಲ್ಲ ಹೊರಗೆ ಕರೆದೆ. ಆರಿಸಿದೆ, ಹಚ್ಚಿದೆ, ಮತ್ತೆ ಆರಿಸಿದೆ, ಮತ್ತೆ ಹಚ್ಚಿದೆ. ಎದುರು ಮನೆಯ ರಾಯರು ಬಾಗಿಲು ತೆರೆದು, ಕಣ್ಣಿಗೆ ಕೈ ಅಡ್ಡ ಹಿಡಿದು, "ಮೇಷ್ಟ್ರೇ, ನಮ್ಮನೆ ಗೋಡೆ ಮೇಲೇನಾದ್ರೂ ಸಿನಿಮಾ ಇದ್ಯಾ?" ಎಂದು ಕೇಳಿದರು. ಆಗಲೇ ವಸುಧಾಳಿಗೆ ಫೋನು ಮಾಡಿ, "ನಿನ್ನ ಮೈದುನನಿಗೆ ಹಾಯಾಗಿ ಮಲಗೋಕೆ ಹೇಳು. ಹಾಲು ನಾನೇ ತರ್ತೀನಿ" ಎಂದೆ. ಅವಳು "ಅಣ್ಣಾ, ಚೆಲ್ಲಿದ್ರೆ ನಂಗೆ ಜೀವನ ಪೂರ್ತಿ ಮನಸಿನಲ್ಲಿ ಉಳಿದುಬಿಡತ್ತೆ" ಎಂದಳು. ಆ ಮಾತು ಮಾತ್ರ ನನ್ನ ಎದೆಯಲ್ಲಿ ಚುಚ್ಚಿಕೊಂಡು ಕೂತಿತು.

ಗೃಹಪ್ರವೇಶದ ದಿನ ಬೆಳಗಿನ ಜಾವ ನಾಲ್ಕಕ್ಕೆ ಹೊರಟೆವು. ಅತ್ತಿಗುಪ್ಪೆಯಲ್ಲಿ ಇನ್ನೂ ಹಸು ಕಟ್ಟಿಕೊಂಡಿರುವ ಒಬ್ಬರ ಮನೆಯಿಂದ ಹಿಂದಿನ ಸಂಜೆ ತಂದ ಹಾಲು ಹಿತ್ತಾಳೆ ಪಾತ್ರೆಯ ಕಂಠದವರೆಗೆ ತುಂಬಿ, ಶಾರದಾಳ ಮಡಿಲಲ್ಲಿತ್ತು. ಅವಳು ಎರಡೂ ಕೈಯಲ್ಲಿ ಅದನ್ನು ತಬ್ಬಿಕೊಂಡಿದ್ದಳು. ಹಿಂದೆ ಅಮ್ಮ, ಹಣ್ಣು ಹೂವಿನ ತಟ್ಟೆಗಳ ನಡುವೆ. ನಾಗರಭಾವಿ ದಾಟುವವರೆಗೆ ಬೀದಿ ದೀಪಗಳಿದ್ದವು. ಅಲ್ಲಿಂದ ಮುಂದೆ ಕತ್ತಲು ಶುರುವಾಯಿತು. ನಾನು ಗಂಟಲು ಸರಿಮಾಡಿಕೊಂಡು, "ಈಗ ನೋಡಿ" ಎಂದು ಕೆಂಪು ಸ್ವಿಚ್ ಒತ್ತಿದೆ. ರಸ್ತೆಯ ಮೇಲೆ ಯಾರೋ ಅರಿಶಿನದ ನೀರು ಚೆಲ್ಲಿದ ಹಾಗೆ ಒಂದಿಷ್ಟು ಮಂಕು ಹಳದಿ ಹರಡಿತು. ಅಷ್ಟೆ. ಕಾರು ನಿಲ್ಲಿಸಿ, ಇಳಿದು ಮುಂದೆ ಹೋಗಿ ನೋಡುತ್ತೇನೆ, ಎರಡೂ ದೀಪದ ಗಾಜಿಗೆ ಗಟ್ಟಿಯಾಗಿ ಅರಿಶಿನ ಬಳಿದು, ಮೇಲೆ ಮೂರು ಪಟ್ಟೆ ವಿಭೂತಿ ಎಳೆದು, ನಡುವೆ ರೂಪಾಯಿ ಅಗಲದ ಕುಂಕುಮ!

"ನಾನೇ ಇಟ್ಟಿದ್ದು ಕಣೋ" ಎಂದಳು ಅಮ್ಮ ಕಿಟಕಿಯಿಂದ. "ರಾತ್ರಿ ನೀನು ಮಲಗಿದ್ಮೇಲೆ ಪೂಜೆ ಮಾಡ್ದೆ. ಬೀದಿಯವರೆಲ್ಲ ನೋಡಿದಾರೆ, ಹೊಸ ಕಣ್ಣಿಗೆ ದೃಷ್ಟಿ ಆಗಲ್ವಾ?"

ನಾನು ಜೇಬಿನಿಂದ ಕರವಸ್ತ್ರ ತೆಗೆದೆ. "ಒರೆಸ್ಬೇಡ! ಹಾಲುಕ್ಕೋ ಮುಂಚೆ ಕುಂಕುಮ ಒರೆಸ್ತಾರೇನೋ ಯಾರಾದ್ರೂ?" ಎಂದು ಅಮ್ಮ ಚೀರಿದಳು. ಕುಂಕುಮದ ಮೂಲಕ ಬೆಳಕು ಹಾಯುವುದಿಲ್ಲ ಎಂಬ ಪಾಠ ಶುರುಮಾಡಿದೆ. ಅದನ್ನು ಸ್ಕೂಲಲ್ಲಿ ಇಟ್ಕೋ ಎಂದಳು. ಮುಹೂರ್ತಕ್ಕೆ ಮುಕ್ಕಾಲು ಗಂಟೆ ಇತ್ತು. ಸೋತು ಬಂದು ಸ್ಟೀರಿಂಗ್ ಹಿಡಿದೆ. ತಂಗಿಯ ಮಾತು, ಸಾರಿನ ಡಬರಿ, ಬೀಗರೆದುರು ಚೆಲ್ಲಿದ ಹಾಲಿನ ಪಾತ್ರೆ ಹಿಡಿದು ನಿಲ್ಲುವ ನನ್ನ ಮುಖ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ರಸ್ತೆಯೊಂದು ಮಾತ್ರ ಬರಲಿಲ್ಲ.

ಆಗ ಶಾರದಾ ಮೆಲ್ಲಗೆ, "ಈಗ ಹಂಪು. ನಿಧಾನ" ಎಂದಳು. ನಿಧಾನ ಮಾಡಿದೆ. ಹಂಪು ಬಂತು, ಹೋಯಿತು. "ಬಲಕ್ಕೆ ತಗೊಳ್ಳಿ, ಎಡಗಡೆ ಮೋರಿ ಕಲ್ಲು ಎದ್ದಿದೆ. ಹಾಂ, ಈಗ ಬಸ್‌ಸ್ಟಾಪು. ಇಲ್ಲಿ ಎರಡು ಹಂಪು ಜೊತೆಗಿವೆ." ನಾನು ಓರೆಗಣ್ಣಲ್ಲಿ ನೋಡಿದೆ. ಅವಳು ತಲೆ ಎತ್ತಿಯೇ ಇರಲಿಲ್ಲ. ಅವಳ ಕಣ್ಣಿದ್ದದ್ದು ಹಾಲಿನ ಮೇಲಿನ ಬಾಳೆಲೆಯ ಮೇಲೆ. ವಾರಕ್ಕೆರಡು ಸಲ ಬಸ್ಸಿನಲ್ಲಿ ಕುಲುಕಾಡಿದವಳಿಗೆ ಆ ರಸ್ತೆ ಬಾಯಿಪಾಠವಾಗಿತ್ತು. ನನ್ನ ಜೀವಮಾನದಲ್ಲಿ ಮೊದಲ ಸಲ ನಾನು "ಕಾಣ್ತಾ ಇದೆ" ಎನ್ನಲಿಲ್ಲ. ಹೇಳಿದಂತೆ ಕೇಳಿದೆ. ವಸುಧಾಳ ಮನೆಯ ಮುಂದೆ ಕಾರು ನಿಂತಾಗ ಬಾಳೆಲೆ ಕೂಡ ಒದ್ದೆಯಾಗಿರಲಿಲ್ಲ.

ಹಾಲು ಪೂರ್ವದ ಕಡೆಗೇ ಉಕ್ಕಿತು. ವಸುಧಾ ಕಣ್ಣೊರೆಸಿಕೊಂಡು ಬಂದು ನನ್ನ ಕೈ ಹಿಡಿದು, "ಅಣ್ಣಾ, ನಿನ್ನ ಲೈಟು ಸೂಪರ್ ಕಣೋ!" ಎಂದಳು. ಬೀಗರೆಲ್ಲ ಹೊರಗೆ ಬಂದು ದೀಪ ನೋಡಿದರು. ಅವಳ ಮೈದುನ ಕೂಡ ಬಗ್ಗಿ ನೋಡಿ, ಎಲ್ಲಿ ಸಿಕ್ಕಿತು ಎಂದು ವಿಚಾರಿಸಿದ. ನಾನು ಸರಣಿ, ಸಮಾಂತರ, ರಿಲೇ ಎಂದೆಲ್ಲ ಹತ್ತು ನಿಮಿಷ ವಿವರಿಸಿದೆ. ಶಾರದಾ ಕೋಸಂಬರಿ ಬಡಿಸುತ್ತಾ ನನ್ನನ್ನು ಒಮ್ಮೆ ನೋಡಿ, ಮುಂದಿನ ಎಲೆಗೆ ಹೋದಳು. ದಾರಿ ತೋರಿಸಿದ್ದು ಇವಳು ಎಂದು ನಾನು ಹೇಳಲಿಲ್ಲ. ಹೇಳಬೇಕಿತ್ತು ಎಂದು ಈಗ ಅನ್ನಿಸುತ್ತಿದೆ, ಆದರೆ ಹೊಗಳಿಕೆ ಬರುವಾಗ ಬಾಗಿಲು ಹಾಕುವುದು ಬಹಳ ಕಷ್ಟ.

ವಾಪಸು ಹೊರಟಾಗ ಕತ್ತಲಾಗಿತ್ತು. ಹಾಲು ಉಕ್ಕಿದ ಮೇಲೆ ಒರೆಸಲು ಅಮ್ಮನ ಅಪ್ಪಣೆಯೂ ಸಿಕ್ಕಿತ್ತು. ಗಾಜು ಫಳಫಳ ಹೊಳೆಯುವಂತೆ ಉಜ್ಜಿದ್ದೆ. ಸ್ವಿಚ್ ಒತ್ತಿದೆ. ಆಹಾ! ಎದುರಿಗೆ ಒಂದು ಗಾಡಿ ಇಲ್ಲ. ದೂರದ ನೀರಿನ ಟ್ಯಾಂಕು, ಅದರಾಚೆಯ ತೆಂಗಿನ ಮರ, ಮರದಲ್ಲಿದ್ದ ಕಾಯಿಗಳು, ಎಲ್ಲವೂ ಹಾಡಹಗಲಿನ ಹಾಗೆ! "ನೋಡು ಶಾರದಾ, ನೋಡು, ಕಾಯಿ ಕೂಡ ಎಣಿಸಬಹುದು!" ಎಂದೆ. ಬೆಳಗಿನಿಂದ ದುಡಿದು ದಣಿದಿದ್ದ ಅವಳು ಸೀಟಿಗೊರಗಿ ಗಾಢವಾಗಿ ನಿದ್ದೆ ಮಾಡುತ್ತಿದ್ದಳು. ಅಮ್ಮನೂ ಮಲಗಿದ್ದಳು. ಪರವಾಗಿಲ್ಲ, ಇನ್ನು ನನಗೆ ಯಾರ ಸಹಾಯವೂ ಬೇಡ ಎಂದುಕೊಂಡು ನಾನೇ ಕಾಯಿ ಎಣಿಸತೊಡಗಿದೆ. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಕಾರು ಬುಡಸಮೇತ ಎಗರಿ ಬಿತ್ತು. ಖಾಲಿ ಹಿತ್ತಾಳೆ ಪಾತ್ರೆ ಹಿಂದಿನ ಸೀಟಿನಿಂದ ಹಾರಿ, ಢಣಢಣ ಎಂದು ಉರುಳಿಕೊಂಡು ಬಂದು ನನ್ನ ಸೀಟಿಗೆ ಬಡಿಯಿತು. ಬಸ್‌ಸ್ಟಾಪಿನ ಜೋಡಿ ಹಂಪಿನಲ್ಲಿ ಮೊದಲನೆಯದು.

ಶಾರದಾ ಕಣ್ಣು ತೆರೆಯಲೇ ಇಲ್ಲ. ಸೆರಗನ್ನು ಇನ್ನಷ್ಟು ಹೊದ್ದುಕೊಂಡು, ನಿದ್ದೆಗಣ್ಣಿನಲ್ಲೇ, "ಇನ್ನೊಂದು ಇದೆ ರೀ" ಎಂದಳು.