ಭವತಾರಣ ಬಾಬು ಸ್ಟೆಂಟಿಗೆ ಹೊರಟದ್ದು

ಹಿಂದೆ ಬೈಪಾಸ್ ಮಾಡಿದಾಗ ಕಾಲಿನಿಂದ ತೆಗೆದು ಹೃದಯಕ್ಕೆ ಹೊಲಿದಿದ್ದ ರಕ್ತನಾಳ ಈಗ ಕಿರಿದಾಗಿದೆ, ಸ್ಟೆಂಟ್ ಹಾಕಿ ಅಗಲ ಮಾಡದಿದ್ದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದೇ ಭವತಾರಣ ಬಾಬುವಿಗೆ ಅವಮಾನವಾಯಿತು.

"ಓಣಿಯ ಫುಟ್‌ಬಾಲ್ ತಂಡಕ್ಕೆ ಗೋಲು ಹೊಡೆದ ಕಾಲು ಕಣೇ ಇದು! ಇದರ ನಾಳ ಕಟ್ಟಿಕೊಳ್ಳುತ್ತಾ? ನಾನು ಬರಲ್ಲ!"

"ಮೆಟ್ಟಿಲು ಹತ್ತಿದ್ರೆ ಹಳೇ ಟ್ರಾಮಿನ ಹಾಗೆ ನಿಂತುಬಿಡ್ತೀರಿ, ಗೋಲಂತೆ ಗೋಲು! ಧೋತಿ ಉಟ್ಕೊಳ್ಳಿ," ಎಂದಳು ಹೆಂಡತಿ ಕನಕಲತಾ.

ಬಾಯಲ್ಲಿ ಅವಳನ್ನು ಗೆಲ್ಲಲಾಗದು. ಭವತಾರಣ ಬಾಬು ಕೆಳಮನೆಯ ಹುಡುಗ ಗದಾಯಿಯನ್ನು ಕಿವಿ ಹಿಡಿದು ಪಕ್ಕಕ್ಕೆಳೆದರು. ಹೊರಟವರನ್ನು ಹಿಂದಿನಿಂದ ಕರೆದರೆ ಅಪಶಕುನ. ವಾಪಸ್ ಬಂದು, ಕೂತು, ನೀರು ಕುಡಿದೇ ಮತ್ತೆ ಹೊರಡಬೇಕು. ಈ ವಿಷಯದಲ್ಲಿ ಕನಕಲತಾ ಬಲು ಕಟ್ಟುನಿಟ್ಟು.

"ನಾನು ಹೊರಟದ್ದು ಕಂಡಾಗಲೆಲ್ಲ ಹಿಂದಿನಿಂದ ಕೂಗು. ಒಂದು ಮಡಕೆ ಸಿಹಿ ಮೊಸರು ಕೊಡಿಸ್ತೀನಿ."

"ನನ್ನ ಗಂಟಲು ನಿಮ್ಮದೇ ಅಂದ್ಕೊಳ್ಳಿ ದಾದಾ!"

ಬಾಬು ಗಲ್ಲಿಗೆ ಕಾಲಿಟ್ಟದ್ದೇ ತಡ, ಹಿಂದಿನಿಂದ ಗದಾಯಿಯ ಕೂಗು, "ಭವತಾರಣ್‌ದಾ!"

"ಯಾವನೋ ಅವನು ಪಾಪಿ!" ಎದುರು ವರಾಂಡದಿಂದ ಓಣಿಗೆಲ್ಲ ಸೋದರತ್ತೆಯಾದ ಮುದುಕಿ ಪಿಶಿಮಾ ಕಿರುಚಿದಳು. "ಹೋಗಪ್ಪ, ಕೂತು ಬಾ."

ಉಪಾಯವೇನೋ ಚೆನ್ನಾಗಿತ್ತು. ಆದರೆ ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ. ಹತ್ತಿದರು, ಕೂತರು, ಕುಡಿದರು, ಇಳಿದರು, ಮತ್ತೆ ಕೂಗು. ಮೂರನೇ ಸಲ ಹತ್ತುವಾಗ ಎದೆಯನ್ನು ಯಾರೋ ಒದ್ದೆ ಬಟ್ಟೆಯಂತೆ ಹಿಂಡಿದರು.

"ಏನಿಲ್ಲ, ಬರೀ ಗ್ಯಾಸು!" ಎನ್ನುತ್ತಲೇ ಮೆಟ್ಟಿಲ ಮೇಲೆ ಕುಸಿದರು. ಓಣಿಯವರು ಬೆತ್ತದ ಕುರ್ಚಿಯಲ್ಲಿ ಕೂರಿಸಿ, ದುರ್ಗೆಯ ಮೂರ್ತಿಯಂತೆ ಹೊತ್ತು ತಂದು ಟ್ಯಾಕ್ಸಿಗೆ ತುರುಕಿದರು. ಮೊಸರಿನ ಆಸೆಗೆ ಗದಾಯಿಯೂ ಮುಂದೆ ಹತ್ತಿದ.

ಆಸ್ಪತ್ರೆಯಲ್ಲಿ ನಾಲಗೆಯಡಿಗೆ ಮಾತ್ರೆ ಇಟ್ಟರು. ನೋವು ಇಳಿಯಿತು, ಹಟ ಏರಿತು. ಕನಕಲತಾ ಕೌಂಟರಿನತ್ತ ತಿರುಗಿದ್ದೇ, ಬಾಬು ಧೋತಿ ಎತ್ತಿಕೊಂಡು ಗೇಟಿನತ್ತ ಜಾರಿದರು. ಇನ್ನೆರಡು ಹೆಜ್ಜೆ...

"ಭವತಾರಣ್‌ದಾ!"

ಇಡೀ ಆಸ್ಪತ್ರೆ ತಿರುಗಿ ನೋಡಿತು.

"ಅಯ್ಯೋ ಕತ್ತೆ! ಈಗ ಯಾಕೋ ಕೂಗಿದೆ?"

"ಹೊರಟಾಗಲೆಲ್ಲ ಕೂಗು ಅಂದಿದ್ರಲ್ಲ ದಾದಾ!" ಗದಾಯಿಗೆ ಅರ್ಥವೇ ಆಗಲಿಲ್ಲ.

ಕನಕಲತಾಳಿಗೆ ಎಲ್ಲ ಅರ್ಥವಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದಳು. "ಹಿಂದಿನಿಂದ ಕರೆದಾಯ್ತಲ್ಲ? ನಡೀರಿ, ಕೂತು ನೀರು ಕುಡಿದು ಹೊರಡಿ. ನಾನೇನೂ ತಡೆಯಲ್ಲ."

"ಕೂರ್ತೀನಿ! ಒಂದೇ ನಿಮಿಷ! ಆಮೇಲೆ ಯಾವನು ಹಿಡೀತಾನೋ ನೋಡ್ತೀನಿ!"

ಬಾಗಿಲಲ್ಲಿ ಖಾಲಿ ಇದ್ದದ್ದು ಒಂದೇ ಕುರ್ಚಿ, ಅದಕ್ಕೆ ಚಕ್ರವಿತ್ತು. ಬಾಬು ಎದೆಯುಬ್ಬಿಸಿ ಕೂತರು. "ತನ್ನಿ ನೀರು!"

ನರ್ಸಮ್ಮ ಕುರ್ಚಿಯನ್ನು ಒಳಗೆ ತಳ್ಳುತ್ತಾ ನಕ್ಕಳು. "ಸ್ಟೆಂಟ್ ಹಾಕೋವರೆಗೆ ಒಂದು ಹನಿಯೂ ಇಲ್ಲ, ಬಾಬು."