ನಾವು ಕನ್ನಡದಲ್ಲಿ ಆಡಿದ ಇಂಗ್ಲಿಷ್ ಹಾಡುನಾಟಕ

ಹವ್ಯಾಸಿ ನಾಟಕ ಸಂಘದಲ್ಲಿ ಓದಿದವರು ಹೆಚ್ಚಿದ್ದಷ್ಟೂ ಎಡವಟ್ಟುಗಳು ಹೆಚ್ಚು ನಡೆಯುತ್ತವೆ. ನಮ್ಮ ಸಂಘದಲ್ಲಿ ಎಲ್ಲರೂ ಓದಿದವರೇ.

ಮದರಾಸಿನಲ್ಲಿ ಬಿ.ಎ. ಆನರ್ಸ್ ಮುಗಿಸಿ ಬಂದ ನಾನು ಮಂಗಳೂರಿನ ಕಾಲೇಜೊಂದರಲ್ಲಿ ಹಂಗಾಮಿ ಅಧ್ಯಾಪಕನಾಗಿದ್ದೆ. ಇಂಗ್ಲಿಷರ ಹಳೆಯದೊಂದು ನಗೆಯ ಹಾಡುನಾಟಕವನ್ನು ಕನ್ನಡಕ್ಕೆ ತಂದು ಸಂಘದಿಂದ ಆಡಿಸಬೇಕೆಂದು ಪ್ರಿನ್ಸಿಪಾಲರು ಹೇಳಿದರು. ಕತೆ ಇಷ್ಟೇ: ನಾವಿಕನೊಬ್ಬ ಶ್ರೀಮಂತನ ಮಗಳನ್ನು ಬಯಸುತ್ತಾನೆ, ಅಪ್ಪ ಕೊನೆಗೆ ಒಪ್ಪುತ್ತಾನೆ. ನಾಟಕ ಸರಿಯಾಗಿ ಮುಗಿದರೆ ನನ್ನ ಕೆಲಸ ಖಾಯಂ; ಊರವರು ನಮ್ಮನ್ನು ನೋಡಿ ನಕ್ಕರೆ ಬೇರೆ ಕಡೆ ನೋಡಿಕೊಳ್ಳಬಹುದು ಎಂದರು. ನಗೆನಾಟಕಕ್ಕೆ ಇದು ವಿಚಿತ್ರ ಷರತ್ತು. ಒಪ್ಪಿದೆ.

ಮೀಸೆ

ಆಗ ಹೆಂಗಸರು ರಂಗಕ್ಕೆ ಬರುತ್ತಿರಲಿಲ್ಲ. ಮಗಳ ಪಾತ್ರಕ್ಕೆ ಕಂಠ ಚೆನ್ನಾಗಿದ್ದ ಗುಮಾಸ್ತನೊಬ್ಬ ಸಿಕ್ಕಿದ. ದಪ್ಪ ಮೀಸೆ. ತೆಗೆಯಲು ಹೇಳಿದ ಮರುದಿನ ಅಭ್ಯಾಸಕ್ಕೆ ಅವನ ಬದಲು ಅವನ ತಂದೆ ಬಂದರು. ಅವರಲ್ಲಿ ಮಗ ಮೀಸೆ ಬೋಳಿಸುವುದು ಅಪ್ಪ ಸತ್ತು ಬೊಜ್ಜ, ಅಂದರೆ ಉತ್ತರಕ್ರಿಯೆ, ಮಾಡುವಾಗ ಮಾತ್ರವಂತೆ.

"ಇವ ಹಾಗೆ ಪೇಟೆಗೆ ಹೋದ್ರೆ, ನನ್ನ ಬೊಜ್ಜದ ಊಟ ಯಾವಾಗ ಅಂತ ಜನ ಕೇಳ್ತಾರೆ ಮಾಷ್ಟ್ರೇ. ಉತ್ತರ ನಾನೇ ಕೊಡ್ಬೇಕಾ?"

ನಮ್ಮ ನಾಯಕಿ ಮೂರಂಕವನ್ನೂ ಬೀಸಣಿಗೆಯ ಹಿಂದಿನಿಂದ ಹಾಡಿದಳು. ಎಂಥ ನಾಚಿಕೆಯ ಹುಡುಗಿ ಎಂದು ಪ್ರೇಕ್ಷಕರು ಮೆಚ್ಚಿದರು.

ಹಗ್ಗ

ನಾವಿಕರ ಮೇಳಕ್ಕೆ ಬೆಂಗ್ರೆಯಿಂದ ಮೀನುಗಾರರನ್ನು ಕರೆಸಿದೆವು. ಕೊನೆಯ ಅಭ್ಯಾಸದ ದಿನ, ಹಾಡುತ್ತ ಹಗ್ಗ ಎಳೆಯಿರಿ ಎಂದೆ. ಹಗ್ಗದ ಇನ್ನೊಂದು ತುದಿಯನ್ನು ನಮ್ಮ ಸಂಘದ ಅಧ್ಯಕ್ಷರು ಬಟ್ಟೆಯ ಅರಮನೆಯ ಕಂಬಕ್ಕೆ ಕಟ್ಟಿದ್ದರು. ಹಾಡು ಮುಗಿಯಿತು, ಎಳೆತ ಮುಗಿಯಲಿಲ್ಲ. ಬಲೆಯ ಹಗ್ಗವನ್ನು ನಡುವೆ ಬಿಡುವ ಕ್ರಮ ಅವರಲ್ಲಿಲ್ಲ. ಬಲೆ ದಡಕ್ಕೆ ಬರಬೇಕು. ಅರಮನೆ ದಡಕ್ಕೆ ಬಂತು. ಕಂಬವನ್ನು ತಬ್ಬಿಕೊಂಡಿದ್ದ ಅಧ್ಯಕ್ಷರೂ ಬಂದರು.

ಮೇಳದ ಹಿರಿಯ ಅವರನ್ನು ಮೇಲಿಂದ ಕೆಳಗೆ ನೋಡಿದ. "ಇಷ್ಟು ಎಳೆದದ್ದಕ್ಕೆ ಒಂದೇ ಸಿಕ್ಕಿದ್ದು ಮಾರಾಯ."

ಒಪ್ಪದ ಅಪ್ಪ

ಅಪ್ಪನ ಪಾತ್ರ ಒಬ್ಬ ವಕೀಲರದು. ತಾಳಮದ್ದಳೆಯಲ್ಲಿ ಹೆಸರಾದವರು. ಅಲ್ಲಿ ಬರೆದ ಮಾತಿಲ್ಲ. ಕುಳಿತಲ್ಲೇ ವಾದ ಹೂಡಿ ಎದುರಿನವನ ಬಾಯಿ ಮುಚ್ಚಿಸುವುದೇ ಕಲೆ. ಪ್ರದರ್ಶನದ ದಿನ ನಾಯಕ ಬಂದು ಹೆಣ್ಣು ಕೇಳಿದ. "ಒಪ್ಪಿದೆ" ಎನ್ನಬೇಕಾದ ವಕೀಲರು "ಯಾಕೆ ಕೊಡಬೇಕು?" ಎಂದರು.

ನಾಯಕ ಬಾಯಿಪಾಠ ಮಾಡಿದ್ದು ಕೃತಜ್ಞತೆಯ ಮಾತನ್ನು ಮಾತ್ರ. ಅದನ್ನೇ ಹೇಳಿದ. ವಕೀಲರು ಅದನ್ನೂ ಖಂಡಿಸಿದರು. ನಾವಿಕನ ಸಂಬಳ, ಸಮುದ್ರದ ಚಂಚಲತೆ, ಮಗಳು ವಿಧವೆಯಾಗುವ ಸಂಭವ, ಒಂದನ್ನೂ ಬಿಡಲಿಲ್ಲ. ನಾನು ಪಕ್ಕದಿಂದ ಮದುವೆಯ ಹಾಡು ಶುರುಮಾಡಿಸಿದೆ. ವಕೀಲರು ಕೈಯೆತ್ತಿ ಹಾರ್ಮೋನಿಯಂ ನಿಲ್ಲಿಸಿದರು. ಮುಂದಿನ ಸಾಲಿನಲ್ಲಿ ಪ್ರಿನ್ಸಿಪಾಲರು ಗಡಿಯಾರ ಹೊರತೆಗೆದರು. ನಾನು ಬೇರೆ ಊರಿನ ಕಾಲೇಜುಗಳನ್ನು ನೆನೆಯತೊಡಗಿದೆ.

ಆಗ ಸಭೆಯಿಂದ ಗುತ್ತು ಎಂಬ ಹಳೆಯ ಜಮೀನ್ದಾರಿ ಮನೆತನದ ಯಜಮಾನರೊಬ್ಬರು ಎದ್ದರು. "ವಕೀಲ್ರೇ, ಹುಡುಗಿಗೆ ಮಾವ ಇಲ್ವಾ? ನಿಮ್ಮನ್ನು ಕೇಳುದು ಎಂತಕ್ಕೆ?"

ಇಲ್ಲಿನ ಅಳಿಯಸಂತಾನದ ಮನೆಗಳಲ್ಲಿ ಕೊನೆಯ ಮಾತು ಸೋದರಮಾವನದು. ಅಪ್ಪ ಹೆಚ್ಚೆಂದರೆ ನೆಂಟ. ವಕೀಲರು ಕೋರ್ಟಿನಲ್ಲಿ ದಿನವೂ ವಾದಿಸುತ್ತಿದ್ದದ್ದೂ ಇದನ್ನೇ. ಮಾವ ಬಂದಿಲ್ಲ ಎಂದು ಮೆಲ್ಲಗೆ ಹೇಳಿದರು.

"ಬಂದಿದ್ದಾನೆ" ಎಂದು ಯಜಮಾನರು ರಂಗ ಹತ್ತಿ, ನಾಯಕಿಯ ಕೈಯನ್ನು ನಾವಿಕನ ಕೈಯಲ್ಲಿಟ್ಟರು. ನಾನು ಪರದೆ ಎಳೆಸಿದೆ. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ.

ಪ್ರಿನ್ಸಿಪಾಲರು ಒಳಗೆ ಬಂದು ನನ್ನ ಕೈ ಕುಲುಕಿದರು. "ಆ ಮಾವನ ಪಾತ್ರ, ಮೂಲದಲ್ಲಿ ಓದಿದಾಗಲೇ ನನಗೆ ಬಹಳ ಹಿಡಿಸಿತ್ತು. ನಿಮ್ಮ ಅನುವಾದದಲ್ಲಿ ಏನೂ ಕೆಟ್ಟಿಲ್ಲ."

ಮೂಲದಲ್ಲಿ ಮಾವನೇ ಇಲ್ಲ. ನನ್ನ ಕೆಲಸ ಖಾಯಂ ಆಯಿತು.